ಮೊಹರಂ ಹಾಡಿನ ಮೇಳಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ

ಮೊಹರಂ ತಿಂಗಳ ಮೊದಲ ಹತ್ತು ದಿನ ಕರ್ಬಲಾದ ದುರಂತವನ್ನು ಕನ್ನಡದಲ್ಲಿ ಹಾಡುವ ಗಂಡಸರ ತಂಡಗಳು ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಬಲು ಹಿಂದಿನಿಂದ ಇವೆ. ರಿವಾಯತ ಮೇಳ, ಅಲಾಯಿ ಪದದ ಮೇಳ, ಹೆಜ್ಜೆ ಮೇಳ ಎಂದು ಊರಿಗೊಂದು ಹೆಸರಿನಿಂದ ಕರೆದರೂ ಕಸುಬು ಒಂದೇ: ಸಾವಿನ ಕಥೆಯನ್ನು ಗುಂಪಾಗಿ, ನಿಧಾನವಾಗಿ, ಗಂಟಲು ಬಿಚ್ಚಿ ಹಾಡುವುದು. ಜಿಲ್ಲೆಯ ಪೂರ್ವ, ಉತ್ತರ ಮತ್ತು ದಕ್ಷಿಣಕ್ಕೆ ಹರಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು ಈ ಮೇಳಗಳ ಗಟ್ಟಿ ನೆಲೆ. ಈಚೆಗೆ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಬೇರೆ ತಾಲೂಕುಗಳಾಗಿ ಒಡೆದಿವೆ. ಹಾಡಿನ ಸೀಮೆ ಮಾತ್ರ ಒಡೆದಿಲ್ಲ.

ಈ ಮೇಳಗಳ ಮಾತು ಬಂದಾಗಲೆಲ್ಲ ಹಿಂದೂ-ಮುಸ್ಲಿಂ ಭಾವೈಕ್ಯದ ಗುರುತೆಂದು ಹೊಗಳುವುದು ವಾಡಿಕೆ. ಆ ಹೊಗಳಿಕೆ ಸುಳ್ಳಲ್ಲ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಿನಲ್ಲಿ ಲಿಂಗಾಯತರು, ಕುರುಬರು, ತಳವಾರರು ಸೇರಿ ಅಲಾಯಿ ದೇವರನ್ನು, ಅಂದರೆ ಹಸ್ತದ ಆಕಾರದ ಪಂಜಾಗಳನ್ನು, ಕೂಡಿಸುವುದುಂಟು. ಆದರೆ ಅಷ್ಟಕ್ಕೇ ಮಾತು ಮುಗಿದರೆ ಹಾಡಿಗೆ ಅನ್ಯಾಯವಾಗುತ್ತದೆ. ಇದು ಮೊದಲಿಗೆ ಒಂದು ಸಂಗೀತ, ಒಂದು ಕಾವ್ಯ. ಇದಕ್ಕೆ ತನ್ನದೇ ಕವಿಗಳಿದ್ದಾರೆ, ಗುರುಪರಂಪರೆ ಇದೆ, ಪೈಪೋಟಿ ಇದೆ, ಛಂದಸ್ಸಿನ ಕಟ್ಟುನಿಟ್ಟು ಇದೆ. ಹಾಗೆಂದೇ ಇದನ್ನು ಕಲೆಯೆಂದು ನೋಡಬೇಕು.

ಕಥೆ

ಹಿಜರಿ 61ನೇ ವರ್ಷದ ಮೊಹರಂ ಹತ್ತರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರ್ 10ರಂದು, ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಖಲೀಫ ಯಜೀದನ ದಂಡಿನ ಎದುರು ಮಡಿದರು. ಪರಂಪರೆಯ ಲೆಕ್ಕದಲ್ಲಿ ಅವರ ಜೊತೆಗಿದ್ದವರು 72 ಮಂದಿ. ಯುಫ್ರೆಟಿಸ್ ನದಿ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಅವರ ಬಿಡಾರಕ್ಕೆ ನೀರು ಹೋಗದಂತೆ ಶತ್ರುಗಳು ತಡೆದಿದ್ದರು. ತೊಗಲ ಚೀಲದಲ್ಲಿ ನೀರು ತರಹೋದ ಹುಸೇನರ ಮಲತಮ್ಮ ಅಬ್ಬಾಸನ ಎರಡೂ ಕೈ ಕಡಿದರು. ಬಾಯಾರಿದ ಹಸುಗೂಸು ಅಲಿ ಅಸ್ಗರ್ ತಂದೆಯ ಕೈಯಲ್ಲಿರುವಾಗಲೇ ಬಾಣ ತಾಗಿ ಸತ್ತಿತು. ಹುಸೇನರ ಅಣ್ಣ ಹಸನರು ಅದಕ್ಕೂ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಅವರಿಗೆ ವಿಷವಿಕ್ಕಿದರೆಂದು ಹಾಡುಗಳು ಹೇಳುತ್ತವೆ. ಹಳ್ಳಿಯ ಹಾಡಿನಲ್ಲಿ ಈ ಇಬ್ಬರೂ ಸದಾ ಜೋಡಿಯಾಗಿಯೇ ಬರುತ್ತಾರೆ.

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದೂ ಹೇಳಿದ ಹೊತ್ತಿಗೆ ಬಾರದ ನೆಲ ಇದು. 1876–77ರ ಬರದಲ್ಲಿ ಬಿಜಾಪುರ ಸೀಮೆ ಜನ, ದನ ಎರಡನ್ನೂ ಕಳೆದುಕೊಂಡಿತ್ತು. ಒಂದು ಕಡೆ ಭೀಮೆ, ಇನ್ನೊಂದು ಕಡೆ ಕೃಷ್ಣೆ ಹರಿಯುತ್ತಿದ್ದರೂ ನಡುವಿನ ಊರುಗಳಲ್ಲಿ ಕೊಡ ಹೊತ್ತು ಅಲೆಯುವ ಹೆಂಗಸರ ಪಾಡು ತಲೆಮಾರುಗಳಿಂದ ತಪ್ಪಿರಲಿಲ್ಲ. ಎದುರಿಗೆ ಹೊಳೆಯಿದ್ದೂ ಗುಟುಕು ನೀರಿಲ್ಲದೆ ಸತ್ತ ಮಗುವಿನ ಕಥೆ ಇಂಥ ನೆಲಕ್ಕೆ ಬಂದರೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕರ್ಬಲಾ ಇಲ್ಲಿ ಇಷ್ಟು ಆಳಕ್ಕೆ ಬೇರು ಬಿಟ್ಟದ್ದಕ್ಕೆ ರಾಜರ ಆಶ್ರಯಕ್ಕಿಂತ ಈ ನೀರಡಿಕೆಯೇ ದೊಡ್ಡ ಕಾರಣವೆನ್ನಬೇಕು.

ಮೇಳಗಳಿಗೆ ಅತಿ ಪ್ರಿಯವಾದ ಪ್ರಸಂಗ ಕಾಸೀಮನ ಮದುವೆ. ಹಸನರ ಮಗ ಕಾಸೀಮನಿಗೆ ಯುದ್ಧಭೂಮಿಯಲ್ಲೇ ಹುಸೇನರ ಮಗಳೊಡನೆ ಲಗ್ನವಾಗುತ್ತದೆ; ಮದುಮಗನ ಉಡುಪಿನಲ್ಲೇ ಕಾಳಗಕ್ಕೆ ಹೋಗಿ ಅವನು ಮಡಿಯುತ್ತಾನೆ. ಚರಿತ್ರೆಯಲ್ಲಿ ಇಲ್ಲದ ಈ ಮದುವೆಯನ್ನು ಜನಪದ ಕಟ್ಟಿಕೊಂಡಿತು. ದಖನ್ನಿನಲ್ಲಿ ಮೊಹರಂ ಏಳರಂದು ಕಾಸೀಮನ ಹೆಸರಿನಲ್ಲಿ ಮೆಹಂದಿ ತೆಗೆಯುವ ಪದ್ಧತಿ ಬೆಳೆದದ್ದು ಇದರಿಂದಲೇ. ಕನ್ನಡದ ಕವಿ ಈ ಕಥೆಯನ್ನು ಕೈಗೆತ್ತಿಕೊಂಡಾಗ ಅದು ತನ್ನೂರಿನ ಮದುವೆಯೇ ಆಗಿಬಿಡುತ್ತದೆ. ಹಂದರ ಬರುತ್ತದೆ, ಅರಿಸಿನ ಬರುತ್ತದೆ, ಬಾಸಿಂಗ ಬರುತ್ತದೆ, ಬೀಗರು ಬರುತ್ತಾರೆ. ಇವನ್ನೆಲ್ಲ ಒಂದೊಂದಾಗಿ, ಅವಸರವಿಲ್ಲದೆ ಹಾಡಿ, ಕೇಳುವವರು ಮದುವೆಯ ಸಡಗರದಲ್ಲಿ ಮೈಮರೆಯುವಷ್ಟರಲ್ಲಿ ಕುದುರೆಗೆ ಜೀನು ಬಿಗಿಯುವ ನುಡಿ ಬರುತ್ತದೆ. ಒಳ್ಳೆಯ ಮೇಳ ಆ ನುಡಿಯಲ್ಲಿ ದನಿ ಏರಿಸುವುದಿಲ್ಲ, ತಗ್ಗಿಸುತ್ತದೆ. ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಅಲ್ಲಿ.

ಆಸ್ಥಾನದಿಂದ ಅಗಸಿಯವರೆಗೆ

ಬಿಜಾಪುರದ ಆದಿಲ್‌ಶಾಹಿಗಳು 1490ರಿಂದ 1686ರವರೆಗೆ ಆಳಿದರು. ಅವರಲ್ಲಿ ಮೊದಲಿಗನಾದ ಯೂಸುಫ್ ಆದಿಲ್‌ಶಾಹ ಹದಿನಾರನೇ ಶತಮಾನದ ಆರಂಭದಲ್ಲೇ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಮುಂದೆ ಒಂದನೇ ಇಬ್ರಾಹಿಂ ಸುನ್ನಿ ಪಂಥಕ್ಕೆ ತಿರುಗಿದ, ಒಂದನೇ ಅಲಿ ಮತ್ತೆ ಶಿಯಾ ಪಂಥಕ್ಕೆ ಮರಳಿದ, ಎರಡನೇ ಇಬ್ರಾಹಿಂ ಮತ್ತೆ ಸುನ್ನಿಯಾದ. ಅರಮನೆಯ ಪಂಥ ಹೀಗೆ ಹೊರಳಾಡಿದರೂ ಮೊಹರಮಿನ ಶೋಕ ನಿಲ್ಲಲಿಲ್ಲ. ಕರ್ಬಲಾವನ್ನು ಕುರಿತ ದಖನಿ ಕಾವ್ಯಗಳಲ್ಲಿ ಹಳೆಯದು ಅಶ್ರಫ್ ಬಿಯಾಬಾನಿಯ 'ನೌಸರಹಾರ್', 1503ರದು. ಬಿಜಾಪುರದಲ್ಲಿ ಎರಡನೇ ಅಲಿ ಆದಿಲ್‌ಶಾಹ (1656–1672) 'ಶಾಹಿ' ಎಂಬ ಅಂಕಿತದಲ್ಲಿ ತಾನೇ ಕವಿತೆ ಬರೆದ. ಅವುಗಳಲ್ಲಿ ಮರ್ಸಿಯಾ ಎಂಬ ಶೋಕಗೀತೆಗಳೂ ಇವೆ. ವಿಜಯಪುರದ ನಡುವೆ ಅರ್ಧಕ್ಕೆ ನಿಂತ ಕಮಾನುಗಳ ಬಾರಾಕಮಾನ್ ಇವನದೇ ಗೋರಿ. ಇವನ ಕಾಲದ ಮಿರ್ಜಾ ಎಂಬ ಕವಿ ಮರ್ಸಿಯಾ ಬಿಟ್ಟು ಬೇರೆ ಬರೆಯಲೊಲ್ಲದವನೆಂದೇ ಹೆಸರಾದ.

1686ರಲ್ಲಿ ಔರಂಗಜೇಬನ ದಂಡಿಗೆ ಬಿಜಾಪುರ ಸೋತಿತು, ಆಸ್ಥಾನ ಚದುರಿತು. ಹಾಡು ಅಷ್ಟರಲ್ಲಿ ಆಸ್ಥಾನವನ್ನು ದಾಟಿತ್ತು. ಇದೇ ಬಿಜಾಪುರದ ಸೂಫಿಗಳು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗಾಗಿ 'ಚಕ್ಕಿನಾಮಾ'ಗಳನ್ನು ದಖನಿಯಲ್ಲಿ ಕಟ್ಟಿಕೊಟ್ಟಿದ್ದನ್ನು ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಧರ್ಮದ ಮಾತು ಹಾಡಾಗಿ ಒಲೆ, ಒರಳು, ಬೀಸುಕಲ್ಲಿನ ಹತ್ತಿರ ಬಂದ ದಾರಿಯಲ್ಲೇ ಕರ್ಬಲಾದ ಕಥೆಯೂ ಬಂದು, ಕನ್ನಡದ ಲಾವಣಿಯ ಮಟ್ಟುಗಳನ್ನು ತೊಟ್ಟುಕೊಂಡಿತು. ದಖನ್ನಿನ ಮೊಹರಂ ಹೇಗಿತ್ತೆಂಬುದಕ್ಕೆ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಶರೀಫರ 'ಕಾನೂನ್-ಎ-ಇಸ್ಲಾಂ' ಒಳ್ಳೆಯ ಸಾಕ್ಷಿ. ಕುಣಿ ತೋಡಿ ಬೆಂಕಿ ಹಾಕುವುದು, ಅದರ ಸುತ್ತ ತಿರುಗುವುದು, ಹುಲಿಯ ವೇಷ, ಬಗೆಬಗೆಯ ಫಕೀರರು ಎಲ್ಲವೂ ಅದರಲ್ಲಿವೆ. ಇಂದು ಸಿಂದಗಿಯ ಕಡೆಯ ಯಾವ ಹಳ್ಳಿಯವರಿಗೆ ಆ ಪುಟಗಳನ್ನು ಓದಿ ಹೇಳಿದರೂ ತಮ್ಮೂರಿನ ಹಬ್ಬವೆಂದೇ ಗುರುತು ಹಿಡಿಯುತ್ತಾರೆ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಹಾಡಿಗೆ ಕನ್ನಡದ ದೊಡ್ಡ ಕವಿಯೊಬ್ಬರ ಕೈ ತಾಗಿತು. ಶಿಶುನಾಳ ಶರೀಫರು (1819–1889) ತತ್ವಪದಗಳ ಜೊತೆಗೆ ಮೊಹರಂ ಪದಗಳನ್ನೂ ಕಟ್ಟಿದರು. ಅವರು ಧಾರವಾಡ ಸೀಮೆಯವರು. ಆದರೂ ವಿಜಯಪುರದ ಮೇಳಗಳಲ್ಲಿ ಅವರ ಹೆಸರು ಗುರುಗಳ ಸಾಲಿನಲ್ಲಿ ಬರುತ್ತದೆ. ಈ ಸೀಮೆಯ ಸ್ವಂತ ಬಲವೆಂದರೆ ಲಾವಣಿ. ಹಳೆಯ ಇಂಡಿ ತಾಲೂಕಿನ ಹಲಸಂಗಿಯ ಖಾಜಾಭಾಯಿ ಲಾವಣಿಕಾರರಾಗಿ ನಾಡಿಗೆಲ್ಲ ಗೊತ್ತು. ಅದೇ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಗುಂಪು ಹಳ್ಳಿಯ ಬಾಯಿಂದ ಹಾಡು ಬರೆದುಕೊಂಡು 'ಗರತಿಯ ಹಾಡು' (1931), 'ಜೀವನ ಸಂಗೀತ' (1933), 'ಮಲ್ಲಿಗೆ ದಂಡೆ' (1935) ಪ್ರಕಟಿಸಿತು. ಕನ್ನಡ ಜಾನಪದ ಸಂಗ್ರಹಕ್ಕೆ ಬುನಾದಿ ಹಾಕಿದ ಈ ಕೆಲಸದಲ್ಲಿ 'ಜೀವನ ಸಂಗೀತ' ಲಾವಣಿಗಳ ಪುಸ್ತಕ. ಮೊಹರಂ ಪದಗಳನ್ನು ಅರಿಯಬೇಕೆನ್ನುವವರು ಮೊದಲು ಅದನ್ನು ಓದಬೇಕು, ಏಕೆಂದರೆ ಎರಡರ ಎಲುಬೂ ಒಂದೇ.

ಹಾಡಿನ ಕಟ್ಟು

ಪದ ಪಲ್ಲದಿಂದ ಶುರುವಾಗುತ್ತದೆ. ಮುಂದೆ ಚ್ಯಾಲ, ಏರು, ಮತ್ತೆ ಪಲ್ಲಕ್ಕೆ ಕೂಡಿಸುವ ಕೂಡಪಲ್ಲ. ಚ್ಯಾಲದಲ್ಲಿ ಕಥೆ ಸಾಗುತ್ತದೆ. ಏರಿನಲ್ಲಿ ಒಂದೇ ಉಸಿರಿಗೆ ಉದ್ದನೆಯ ಸಾಲುಗಳನ್ನು ಹೇಳಿ ಕಥೆಯನ್ನು ತುದಿಗೆ ಒಯ್ಯುತ್ತಾರೆ. ಕೂಡಪಲ್ಲಕ್ಕೆ ಬಂದಾಗ ಇಡೀ ಮೇಳ ಒಂದಾಗುತ್ತದೆ. ಮುಂದಿನವರು ಒಬ್ಬರೋ ಇಬ್ಬರೋ ಸಾಲು ಎತ್ತುತ್ತಾರೆ, ಹಿಂದಿನವರು ಅದರ ಬಾಲ ಹಿಡಿದು ಎಳೆಯುತ್ತಾರೆ. ಒಂದು ಕೈ ಕಿವಿಗೆ ಆನಿಸಿ ಹಾಡುವುದು ಇಲ್ಲಿಯ ರೂಢಿ. ಸುತ್ತಲಿನ ಗದ್ದಲದ ನಡುವೆ ತನ್ನ ಶ್ರುತಿ ತನಗೆ ಕೇಳಲು ಅದೇ ಉಪಾಯ. ಕೆಲವು ಮೇಳಗಳು ವಾದ್ಯವೇ ಇಲ್ಲದೆ ಹಾಡುತ್ತವೆ. ಹೆಜ್ಜೆ ಮೇಳದವರು ಕಾಲಿಗೆ ಗೆಜ್ಜೆ ಕಟ್ಟಿ, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ವಸ್ತ್ರ ಹಿಡಿದು ಅಲಾಯಿ ಕುಣಿಯ ಸುತ್ತ ಒಂದೇ ಹೆಜ್ಜೆಯಲ್ಲಿ ತಿರುಗುತ್ತಾರೆ. ಅಲ್ಲಿ ತಾಳವನ್ನು ನಡೆಸುವುದು ಕಾಲು. ಸವಾರಿ ಹೊರಟಾಗ ಮಾತ್ರ ಹಲಗಿ ಮೇಲುಗೈ ಪಡೆಯುತ್ತದೆ. ಪಂಜಾ ಹೊತ್ತವರ ನಡಿಗೆಯನ್ನೂ, ಓಟವನ್ನೂ ಹಲಗಿಯವರೇ ಆಳುತ್ತಾರೆ.

ಚಂದ್ರ ಕಂಡ ಮೇಲೆ ಕುಣಿಗೆ ಗುದ್ದಲಿ ಬೀಳುತ್ತದೆ. ಪಂಜಾಗಳನ್ನು ತೊಳೆದು, ಬಟ್ಟೆ ಉಡಿಸಿ ಕೂಡಿಸುತ್ತಾರೆ. ಹರಕೆ ಹೊತ್ತವರು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ. ಹಾಡಿನ ಕಾವು ಏರುತ್ತ ಹೋಗಿ ಒಂಬತ್ತರ ಖತಲ್ ರಾತ್ರಿಗೆ ತುದಿ ಮುಟ್ಟುತ್ತದೆ. ಆ ರಾತ್ರಿ ಸುತ್ತಲಿನ ಊರುಗಳ ಮೇಳಗಳೂ ಬಂದು ಸೇರುತ್ತವೆ. ಒಂದು ಮೇಳ ಪದದಲ್ಲೇ ಪ್ರಶ್ನೆ ಎಸೆಯುತ್ತದೆ, ಎದುರಿನ ಮೇಳ ಅದೇ ಮಟ್ಟಿನಲ್ಲಿ ಉತ್ತರ ಕಟ್ಟಬೇಕು. ಕರ್ಬಲಾದ ವಂಶಾವಳಿಯಿಂದ ಹಿಡಿದು ಮಹಾಭಾರತ, ಶರಣರ ಚರಿತ್ರೆಯ ತನಕ ಪ್ರಶ್ನೆ ಎಲ್ಲಿಂದಲೂ ಬರಬಹುದು. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ವಾದಿಸುವ ಹರದೇಶಿ-ನಾಗೇಶಿ ಹಾಡಿಕೆಯ ಪಟ್ಟುಗಳನ್ನೇ ಇಲ್ಲಿಯೂ ಬಳಸುತ್ತಾರೆ. ಉತ್ತರ ತಿಳಿಯದ ಮೇಳ ತಲೆತಗ್ಗಿಸಿ ಹೋಗುವುದು, ಮುಂದಿನ ವರ್ಷಕ್ಕೆ ಸಿದ್ಧವಾಗಿ ಬರುವುದು ಇದ್ದದ್ದೇ. ಈ ಪೈಪೋಟಿಯೇ ಹೊಸ ಹಾಡು ಹುಟ್ಟಿಸುತ್ತ ಬಂದಿದೆ: ಹೋದ ವರ್ಷ ಹಾಡಿದ್ದನ್ನೇ ಈ ವರ್ಷ ತಂದರೆ ಮೇಳದ ಮಾನ ಉಳಿಯುವುದಿಲ್ಲ.

ಬರೆಯುವವನು ಮತ್ತು ಹಾಡುವವರು

ಪದದ ಕಡೆಯ ನುಡಿಯಲ್ಲಿ ಊರು, ಗುರು, ಕವಿ ಮೂವರ ಹೆಸರೂ ಬರುತ್ತವೆ. ಬಸವನ ಬಾಗೇವಾಡಿಯ ಕಡೆಯ ಪದವಾದರೆ ಬಸವಣ್ಣನ ನೆಲವೆಂಬ ಮಾತೂ ಸೇರುತ್ತದೆ. ಇದು ಬರೀ ಅಲಂಕಾರವಲ್ಲ. ಬರವಣಿಗೆಯ ಹಕ್ಕನ್ನು ಕಾಯುವ ವ್ಯವಸ್ಥೆ. ಬೇರೆ ಊರಿನವರು ಆ ಪದ ಹಾಡಬಹುದು, ಅಂಕಿತ ಬದಲಿಸಬಾರದು. ಬದಲಿಸಿದ್ದು ಗೊತ್ತಾದರೆ ತುಂಬಿದ ಕಟ್ಟೆಯ ಮುಂದೆಯೇ ಹೇಳಿ ತೋರಿಸುತ್ತಾರೆ.

ಕವಿ ಬಹಳ ಸಲ ಹಾಡುವುದಿಲ್ಲ. ಅವನು ಹೊಲದಲ್ಲೋ, ಚಿಮಣಿ ದೀಪದ ಕಾಲದಲ್ಲಾದರೆ ಹಂತಿ ಕಟ್ಟಿದ ಕಣದಲ್ಲೋ ಕೂತು ಕಟ್ಟಿದ್ದನ್ನು ಅಕ್ಷರ ಬಲ್ಲವನೊಬ್ಬ ವಹಿಯಲ್ಲಿ ಇಳಿಸಿಕೊಳ್ಳುತ್ತಾನೆ. ಗಂಟಲು ಇದ್ದವರು ಬಾಯಿಪಾಠ ಮಾಡುತ್ತಾರೆ. ಹಾಡುವವರಿಗೆ ವಯಸ್ಸಾಗುತ್ತದೆ, ದನಿ ಒಡೆಯುತ್ತದೆ, ಕೆಲವರು ಊರು ಬಿಡುತ್ತಾರೆ. ಕವಿಯೂ ವಹಿಯೂ ಇರುವ ತನಕ ಮೇಳ ಮುರಿಯುವುದಿಲ್ಲ.

ಸಾವನ್ನೇ ವಸ್ತುವಾಗಿ ಹಿಡಿದು ನಿಧಾನಗತಿಯಲ್ಲಿ ಹಾಡುವ ತಂಡಗಳ ಬಾಳು ಬೇರೆ ಕಡೆಯೂ ಇದೇ ಬಗೆಯದೆಂಬುದಕ್ಕೆ ದೂರದ ಸ್ವೀಡನ್ ಒಂದು ಒಳ್ಳೆಯ ಉದಾಹರಣೆ ಕೊಡುತ್ತದೆ. ಡೂಮ್ ಮೆಟಲ್ ಎಂಬ ಭಾರವಾದ ಗಿಟಾರ್ ಸಂಗೀತದ ಮೂಲ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. ಅಲ್ಲಿನ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವನು. ನೋವಾಗದಂತೆ ನುಡಿಸಲು ತಂತಿಗಳನ್ನು ಸಡಿಲಿಸಿದ, ನಾದ ಆಳಕ್ಕಿಳಿಯಿತು. ಆ ನಾದವನ್ನು ಪೂರ್ತಿ ಶೋಕದ ಕಡೆಗೆ ತಿರುಗಿಸಿದ್ದು ಲೀಫ್ ಎಡ್ಲಿಂಗ್ 1984ರಲ್ಲಿ ಸ್ವೀಡನ್ನಿನಲ್ಲಿ ಕಟ್ಟಿದ ಕ್ಯಾಂಡಲ್‌ಮಾಸ್ ತಂಡ. 1986ರ ಅವರ ಮೊದಲ ಆಲ್ಬಂ 'ಎಪಿಕಸ್ ಡೂಮಿಕಸ್ ಮೆಟಾಲಿಕಸ್' ಮಾರಾಟವಾಗದೆ ಫ್ರಾನ್ಸಿನ ಕಂಪನಿ ಅವರನ್ನು ಕೈಬಿಟ್ಟಿತು. ಮುಂದೆ ಅದೇ ಈ ಪ್ರಕಾರದ ಮೂಲಗ್ರಂಥವಾಯಿತು. ಅದರಲ್ಲಿ ಹಾಡಿದ ಯೋಹಾನ್ ಲೆಂಗ್‌ಕ್ವಿಸ್ಟ್ ಅತಿಥಿಯಾಗಿ ಬಂದು ಹೋದವನು. ನಂತರ ಕ್ರೈಸ್ತ ಸನ್ಯಾಸಿಯಂತೆ ನಿಲುವಂಗಿ ತೊಟ್ಟು ವೇದಿಕೆಗೆ ಬರುತ್ತಿದ್ದ ಮೆಸಾಯ ಮಾರ್ಕೊಲಿನ್ ಗಾಯಕನಾದ. 1987ರ 'ನೈಟ್‌ಫಾಲ್' ಆಲ್ಬಮ್ಮಿನಲ್ಲಿ ಶೋಪೆನ್‌ನ ಶವಯಾತ್ರೆಯ ಸಂಗೀತವನ್ನೇ ಅವರು ಗಿಟಾರಿಗೆ ತಂದರು. 1994ರಲ್ಲಿ ತಂಡ ಚದುರಿತು, ಕೆಲವು ವರ್ಷದ ಮೇಲೆ ಕೂಡಿತು, 2002ರಲ್ಲಿ ಹಳೆಯ ಗೆಳೆಯರು ಮರಳಿದರು, ಮತ್ತೆ ಗಾಯಕರು ಬದಲಾದರು. 2018ರಲ್ಲಿ, ಮೂವತ್ತೆರಡು ವರ್ಷದ ಬಳಿಕ, ಮೊದಲ ಅತಿಥಿ ಲೆಂಗ್‌ಕ್ವಿಸ್ಟನೇ ಗಾಯಕನಾಗಿ ತಿರುಗಿ ಬಂದ. ಮರುವರ್ಷದ ಆಲ್ಬಮ್ಮಿನ ಒಂದು ಹಾಡಿಗೆ ಅಯೋಮಿ ಗಿಟಾರ್ ನುಡಿಸಿದ. ಆ ಹಾಡು ಗ್ರ್ಯಾಮಿ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯಿತು. ಇಷ್ಟು ವರ್ಷದಲ್ಲಿ ಬದಲಾಗದೆ ಉಳಿದದ್ದು ಎಡ್ಲಿಂಗ್ ಬರೆಯುವ ಹಾಡು. ಅವನು ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ, ತನ್ನ ಮಾತನ್ನು ಬೇರೆಯವರ ಗಂಟಲಿಗೆ ಕೊಡುತ್ತಾನೆ. ಇಂಡಿ, ಸಿಂದಗಿಯ ಪದ ಕಟ್ಟುವವರೂ ಹೀಗೆಯೇ ಮೇಳದ ಹಿಂದೆ ನಿಂತವರು.

ಹೋಲಿಕೆ ಇಲ್ಲಿಗೆ ಸಾಕು. ಕ್ಯಾಂಡಲ್‌ಮಾಸಿನ ಪ್ರತಿ ಹಾಡಿಗೂ ತಾರೀಖಿದೆ, ಧ್ವನಿಮುದ್ರಣವಿದೆ, ಯಾವ ವರ್ಷ ಯಾರು ಹಾಡಿದರೆಂಬ ಲೆಕ್ಕವಿದೆ. ಅದಕ್ಕಿಂತ ಎಷ್ಟೋ ಹಳೆಯದಾದ ನಮ್ಮ ಮೇಳಗಳ ಲೆಕ್ಕ ಹರಿದ ವಹಿಗಳಲ್ಲಿ, ಗೆದ್ದಲು ತಿಂದ ಟ್ರಂಕಿನ ತಳದಲ್ಲಿ ಇದೆ. ಕವಿ ಸತ್ತ ಮನೆಯಲ್ಲಿ ವಹಿ ಏನಾಯಿತೆಂದು ಕೇಳುವವರಿಲ್ಲದೆ ಹೋದ ಪದಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೆಂಗಸರು, ಸಾವಿನ ಮನೆ, ವಿರೋಧ

ಮೇಳದಲ್ಲಿ ಹೆಂಗಸರಿಲ್ಲ. ಅಲಾಯಿಗೆ ನೀರು ಹಾಕುವವರು, ಹರಕೆ ಹೊರುವವರು, ಕೇಳಿ ಅಳುವವರು ಅವರೇ. ಬೀಸುವಾಗ, ಕುಟ್ಟುವಾಗ ಹಸನ-ಹುಸೇನರನ್ನು ನೆನೆಯುವ ಅವರ ಹಾಡುಗಳು ಗಿರಣಿ ಬಂದ ಮೇಲೆ ಬೀಸುಕಲ್ಲಿನೊಡನೆ ಮೂಲೆಗೆ ಸೇರಿದವು.

ಇದೇ ಊರುಗಳಲ್ಲಿ ಲಿಂಗಾಯತರ ಮನೆಯಲ್ಲಿ ಸಾವಾದರೆ ಶವವನ್ನು ಕೂಡಿಸಿ ರಾತ್ರಿಯಿಡೀ ಭಜನೆ ಮಾಡುತ್ತಾರೆ. ಏಕತಾರಿ, ದಮ್ಮಡಿ, ತಾಳದೊಡನೆ ತತ್ವಪದ ಹಾಡುವ ಆ ಭಜನಾ ಮಂಡಳಿಯವರಲ್ಲಿ ಹಲವರು ಮೊಹರಂ ಬಂದಾಗ ರಿವಾಯತ ಮೇಳಕ್ಕೆ ದನಿ ಕೂಡಿಸುವವರು. ಹೆಣದ ಮುಂದೆ ಕೂತು ಹಾಡಿ ಹದಗೊಂಡ ಗಂಟಲಿಗೆ ಕರ್ಬಲಾ ಹಾಡುವುದು ಹೊಸದೆನಿಸುವುದಿಲ್ಲ.

ವಿರೋಧವೂ ಹೊಸದಲ್ಲ. ಪಂಜಾ ಪೂಜೆ, ಹಾಡು, ಕುಣಿತ ಇವು ಧರ್ಮಕ್ಕೆ ಹೊರತೆಂದು ಮುಸ್ಲಿಂ ಸುಧಾರಣಾವಾದಿಗಳು ಬಹಳ ದಿನದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ದೇವರಲ್ಲ ಎನ್ನುವ ಮಾತು ಇನ್ನೊಂದು ಕಡೆಯಿಂದಲೂ ಕೇಳುತ್ತದೆ. ಎರಡರ ನಡುವೆ ಕೆಲವು ಊರುಗಳಲ್ಲಿ ಅಲಾಯಿ ಕುಣಿಗಳು ಮುಚ್ಚಿವೆ. ಹಾಡನ್ನು ನಂಬಿಕೆಯ ಕಾರಣಕ್ಕೆ ಬಿಟ್ಟವರ ನಂಬಿಕೆಯನ್ನು ಗೌರವಿಸಬೇಕು. ಆದರೆ ಅವರ ಹಿರಿಯರು ಕಟ್ಟಿದ ಕಾವ್ಯವನ್ನು ಕಾವ್ಯವೆಂದು ಕಾಪಾಡಲು ಆ ನಂಬಿಕೆ ಅಡ್ಡಿಯಾಗಬೇಕಾಗಿಲ್ಲ.

ಈಗಿನ ಸ್ಥಿತಿ

ಕ್ಯಾಸೆಟ್ಟಿನ ಕಾಲದಲ್ಲಿ ಹೆಸರಾದ ಮೇಳಗಳ ಪದಗಳು ಸಂತೆಗಳಲ್ಲಿ ಮಾರಾಟವಾದವು. ಈಗ ಮೊಬೈಲಿನಲ್ಲಿ ಹಾಡು ಓಡಾಡುತ್ತದೆ. ಮುದ್ದೇಬಿಹಾಳದ ಹಳ್ಳಿಯಲ್ಲಿ ಖತಲ್ ರಾತ್ರಿ ಹಾಡಿದ ಪದವನ್ನು ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋದವರು ಮರುದಿನವೇ ಕೇಳುತ್ತಾರೆ. ಊರಿನಿಂದ ಊರಿಗೆ ಸ್ಪರ್ಧೆಗಳು ನಡೆಯುತ್ತವೆ. ನಗದು ಬಹುಮಾನ, ಢಾಲು ಇಡುತ್ತಾರೆ. ಸ್ಪರ್ಧೆಗೆ ಹೊತ್ತು ಗೊತ್ತುಮಾಡಿರುವುದರಿಂದ ಪದಗಳು ಮೊಟಕಾಗುತ್ತಿವೆ, ಸಿನಿಮಾ ಮಟ್ಟುಗಳು ನುಗ್ಗಿವೆ, ನಡೆ ಚುರುಕಾಗಿದೆ. ಇದರಲ್ಲಿ ಕಳೆದುಹೋಗುತ್ತಿರುವುದು ಮದುವೆಯ ಹಂದರದಿಂದ ಕುದುರೆಯ ಜೀನಿನವರೆಗೆ ಕೇಳುಗನನ್ನು ಕೈಹಿಡಿದು ನಡೆಸುತ್ತಿದ್ದ ಆ ನಿಧಾನ. ಹೊಸ ವಸ್ತುಗಳು ಬಂದಿರುವುದು ಮಾತ್ರ ಒಳ್ಳೆಯದೇ: ಬರಗಾಲ, ವರದಕ್ಷಿಣೆ, ಕುಡಿತ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರು, ಹೊಲ ಎಲ್ಲವೂ ಪದವಾಗುವ ವಸ್ತುಗಳೇ.

ಚಾಂದ್ರಮಾನದ ಲೆಕ್ಕದ ಹಬ್ಬವಾದ್ದರಿಂದ ಮೊಹರಂ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2014ರಲ್ಲಿ ಹತ್ತನೆಯ ದಿನ ನವೆಂಬರ್ ಆರಂಭದಲ್ಲಿ, ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಬಂದಿತ್ತು. 2025ರಲ್ಲಿ ಜುಲೈ 6ಕ್ಕೆ, ಮುಂಗಾರಿಯ ಕೆಲಸದ ನಡುವೆ ಬಂತು. ತೊಗರಿ ಬಿತ್ತುವ ಅವಸರದಲ್ಲಿ ಹೊಸ ಪದ ಕಲಿಯಲು ಹುಡುಗರಿಗೆ ಬಿಡುವಿರುವುದಿಲ್ಲ. 2030ರ ಹೊತ್ತಿಗೆ ಹಬ್ಬ ಮೇ ತಿಂಗಳಿಗೆ ಬಂದು ಸೇರುತ್ತದೆ. ಆಗ ಹೊಲದಲ್ಲಿ ಕೆಲಸವಿರುವುದಿಲ್ಲ, ಕಬ್ಬು ಕಡಿಯಲು ಹೋದ ಗ್ಯಾಂಗುಗಳು ಊರಿಗೆ ಮರಳಿರುತ್ತವೆ, ತಾಲೀಮಿಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಮೇಳ ಮುರಿದುಕೊಂಡಿರುವ ಊರುಗಳವರು ವಹಿ ಹುಡುಕಿ, ಉಳಿದಿರುವ ಹಿರಿಯರ ಹತ್ತಿರ ಕೂತು ಮಟ್ಟು ತಿದ್ದಿಸಿಕೊಂಡು ಮತ್ತೆ ಕೂಡಲು ಆ ಬೇಸಿಗೆಗಳು ಒಳ್ಳೆಯ ಅವಕಾಶ.